ತಿರುವಿನ ಕಲ್ಲು

ನನ್ನ ಗಂಡ ಅಂಕಯ್ಯನನ್ನು ಕೊಂದದ್ದು ಲಾರಿಯ ಮುಂದಿನ ಚಕ್ರವಲ್ಲ, ಹಿಂದಿನದು. ಮುಂದಿನ ಚಕ್ರ ರಸ್ತೆ ಬಿಟ್ಟು ಇಳಿಯಲೇ ಇಲ್ಲ. ಡ್ರೈವರ್ ಕೂತ ತಲೆಭಾಗ ಆಗಲೇ ತಿರುವು ದಾಟಿತ್ತು. ಕಬ್ಬು ಹೊತ್ತ ಆ ಉದ್ದನೆಯ ಹಿಂಭಾಗ ಮಾತ್ರ ತಲೆ ಹೋದ ದಾರಿಯಲ್ಲಿ ಹೋಗದೆ, ಮೂಲೆಯನ್ನು ಸವರಿಕೊಂಡು ಬಂದು ನಮ್ಮ ಜಗುಲಿ ಹತ್ತಿತು. ಆತ ಅಲ್ಲಿ ಕುಡುಗೋಲಿಗೆ ಹಿಡಿ ಹಾಕುತ್ತಾ ಕೂತಿದ್ದ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಗೆ ನಮ್ಮೂರಿನ ದಾರಿ ಸೇರುವುದಕ್ಕೆ ಮುಂಚೆ ಮೊಣಕೈ ಮಡಿಸಿದಂತೆ ಒಂದು ತಿರುವು ಇದೆ. ತಿರುವಿನ ಒಳಮೂಲೆಯಲ್ಲಿ ನಮ್ಮ ಕೇರಿಯ ಮೊದಲ ಮನೆ, ನಮ್ಮದು. ಹೊರಗಡೆ ಚಲುವರಾಜು ಗೌಡರ ತೆಂಗಿನ ತೋಟ. ಎತ್ತಿನ ಗಾಡಿಗಳ ಕಾಲದಲ್ಲಿ ಯಾರೋ ಹಿರಿಯರು ನಮ್ಮ ಮೂಲೆಗೆ ಸೊಂಟದೆತ್ತರದ ಒಂದು ಕಲ್ಲು ನೆಟ್ಟಿದ್ದರು. ಗಾಲಿ ಗೋಡೆಗೆ ತಾಗದಿರಲಿ ಎಂದು. ಗಾಡಿಯವರು ಆ ಕಲ್ಲು ಕಂಡೊಡನೆ ಎತ್ತುಗಳನ್ನು ತೋಟದ ಕಡೆಗೆ ಎಳೆದುಕೊಂಡು ಅಗಲವಾಗಿ ತಿರುಗಿಸುತ್ತಿದ್ದರು. ಆಮೇಲೆ ಗೌಡರು ಆ ಅಗಲದ ಜಾಗವನ್ನೂ ಸೇರಿಸಿಕೊಂಡು ಕಾಂಪೌಂಡು ಕಟ್ಟಿದರು. ಅದರ ಮೇಲೆ ತಂದೆಯ ಹೆಸರು ಕೆತ್ತಿಸಿದ ಕಮಾನು. ಕಾಂಪೌಂಡು ಎದ್ದ ಮೇಲೆ ಅವರ ಕಬ್ಬಿನ ಲಾರಿಗೆ ತಿರುಗಲು ಜಾಗ ಸಾಲದಾಯಿತು. ಗೋಡೆ ಹಿಂದೆ ಸರಿಸಲಿಲ್ಲ, ನಮ್ಮ ಕಲ್ಲು ಕೀಳಿಸಿ ನಾಲೆಗೆ ಎಸೆಸಿದರು. ಅದೇ ವಾರ ಅಂಕಯ್ಯ ಹೋದ.

ಮಹಜರು ಮಾಡಲು ಬಂದವರ ಮುಂದೆ ಚಲುವರಾಜು, "ಕುಡ್ದು ರಸ್ತೇಲಿ ಬಿದ್ದಿದ್ದ, ಡ್ರೈವರ್‌ಗೆ ಕಾಣಲಿಲ್ಲ" ಎಂದ. ಮದುವೆಮನೆಯಲ್ಲೂ ಹೆಂಡ ಮುಟ್ಟದ ಮನುಷ್ಯನ ಬಗ್ಗೆ ಹೀಗೆಂದ. ಗೌಡರ ಕಬ್ಬಿನಲ್ಲೇ ಕೂಲಿ ಮಾಡುವ ಊರು ಹ್ಞೂಂ ಎಂದಿತು.

ವರ್ಷ ತುಂಬಿದ ಮೇಲೆ ಕೊಕ್ಕರೆ ಬೆಳ್ಳೂರಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಬೆನ್ನ ಹಿಂದೆ ಒಬ್ಬಳು ಇನ್ನೊಬ್ಬಳಿಗೆ ಗುರುತು ಹೇಳುತ್ತಿದ್ದಳು: "ಯಾರು ಅಂದ್ಯಾ? ಕುಡ್ದು ಲಾರಿ ಕೆಳಕ್ ಬಿದ್ನಲ್ಲ, ಆ ಅಂಕಯ್ಯನ್ ಎಡ್ತಿ ಕಣೆ." ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿ ಎದ್ದೆ. ಬಸ್ಸಿನಲ್ಲಿ ಬರುವಾಗ ಅತ್ತದ್ದಿಲ್ಲ. ಆ ಮಾತು ಹುಟ್ಟಿಸಿದ ಬಾಯಿಯೇ ಅದನ್ನು ಊರ ಮುಂದೆ ನುಂಗಬೇಕು, ಗಂಟಲಿಗೆ ಸಿಕ್ಕಿಕೊಳ್ಳುವ ಹಾಗೆ ನುಂಗಬೇಕು ಎಂದು ಲೆಕ್ಕ ಹಾಕಿಕೊಂಡೆ. ನನಗೆ ಆತುರ ಇರಲಿಲ್ಲ.

ಕಲ್ಲು ನಾಲೆಯ ಸೋಪಾನದ ಹತ್ತಿರ ಸಿಕ್ಕಿತು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಮಗ ದೇವರಾಜು ಗೆಜ್ಜಲಗೆರೆಯ ಫ್ಯಾಕ್ಟರಿ ಕೆಲಸದಿಂದ ಬಂದವನೇ ತಲೆ ಕೆರೆದುಕೊಂಡ.

"ಅವ್ವ, ಮತ್ತೆ ನೆಟ್ರೆ ಅವ್ನು ಮತ್ತೆ ಕೀಳಿಸ್ತಾನೆ ಕಣವ್ವ."

"ಕೀಳಾಕಾಗ್ದಂಗೆ ನೆಡಾವ. ನೀನು ಎತ್ಕೊ."

ನಮ್ಮ ಜಗುಲಿಯ ಅಂಚಿನಲ್ಲಿ, ನಮ್ಮದೇ ಜಾಗದಲ್ಲಿ, ಹಳೆಯ ಗುಂಡಿಯಲ್ಲೇ ನೆಟ್ಟೆವು. ಸೋಮವಾರ ಬೆಳಿಗ್ಗೆ ಅದಕ್ಕೆ ಅರಿಶಿಣ ಬಳಿದು, ಕುಂಕುಮ ಇಟ್ಟು, ಎರಡು ಕಣಗಿಲೆ ಹೂವು ಸಿಕ್ಕಿಸಿದೆ. ಮಂಡ್ಯದಲ್ಲಿ ಓದುವ ಮೊಮ್ಮಗಳು ಅರುಂಧತಿ ಬಸ್ಸಿಳಿದು ಬಂದು ನೋಡಿ ಸೊಂಟಕ್ಕೆ ಕೈ ಇಟ್ಟಳು.

"ಇದೇನಜ್ಜಿ? ಮನೇಲಿ ಬುದ್ಧನ್ ಪಟ ಇಟ್ಕೊಂಡು ಬೀದೀಲಿ ಕಲ್ಲಿಗೆ ಪೂಜೆನಾ?"

"ಪೂಜೆ ಅಲ್ಲ ಕಣವ್ವ, ಬೇಲಿ."

"ಬೇಲಿನಾ?"

"ಮುಳ್ಳಿನ್ ಬೇಲಿ ಆಗಿದ್ರೆ ಗೌಡ್ರು ಕಡಿಸ್ಬುಡ್ತಾರೆ. ಅರಿಸಿಣದ್ ಬೇಲಿ ಕಡಿಯೋ ಗಂಡ್ಸು ಈ ಸೀಮೇಲಿ ಇನ್ನೂ ಹುಟ್ಟಿಲ್ಲ."

ಅವಳಿಗೆ ಸಿಟ್ಟು ಬಂದಿತ್ತು, ಆದರೂ ನಕ್ಕಳು.

ಮಿಕ್ಕದ್ದನ್ನು ಊರೇ ಮಾಡಿತು. ಕಬ್ಬು ಕಡಿಯಲು ಹೋಗುವ ಹೆಂಗಸರು ಹೂವು ಇಟ್ಟು ಹೋಗತೊಡಗಿದರು. ಟೀ ಅಂಗಡಿ ಮರಿಸಿದ್ದಯ್ಯನ ಕಳೆದುಹೋದ ಎಮ್ಮೆ ಆ ಕಲ್ಲಿನ ಹತ್ತಿರವೇ ನಿಂತಿತ್ತು ಎಂದು ದೊಡ್ಡ ಸುದ್ದಿಯಾಯಿತು. ದನಕ್ಕೆ ಇಡುವ ನನ್ನ ಕಲಗಚ್ಚಿನ ಬಾನಿ ಅಲ್ಲಿದ್ದದ್ದನ್ನು ಯಾರೂ ಹೇಳಲಿಲ್ಲ. ಕಲ್ಲಿನ ಅಮ್ಮ ನಿನ್ನ ಕನಸಿನಲ್ಲಿ ಬಂದಿದ್ದಳಂತೆ, ಹೌದಾ ಎಂದು ಕೇಳಿದವರಿಗೆ ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಪ್ರತಿ ಸೋಮವಾರ ಅರಿಶಿಣ ಮಾತ್ರ ತಪ್ಪಿಸಲಿಲ್ಲ.

ಕಲ್ಲು ನೆಟ್ಟ ಮೇಲೆ ಗೌಡರ ಕಬ್ಬು ಟ್ರಾಕ್ಟರುಗಳಲ್ಲೇ ಹೋಗುತ್ತಿತ್ತು. ಈ ಸಲ ಕಬ್ಬು ಅರೆಯುವ ಕಾಲಕ್ಕೆ ಚಲುವರಾಜು ಹೊಸ ಲಾರಿ ತಂದ. ಲಾರಿ ಅನ್ನಬೇಕೋ, ರೈಲು ಅನ್ನಬೇಕೋ. ತಲೆ ಬೇರೆ, ಬಾಲ ಬೇರೆ, ನಡುವೆ ಕೊಂಡಿ. ಇದು ನಮ್ಮ ದಾರಿಯಲ್ಲಿ ಸಲೀಸಾಗಿ ಓಡುತ್ತದೆ ಎಂದು ತೋರಿಸಿದರೆ ಸುತ್ತಲಿನ ಊರುಗಳ ಕಬ್ಬು ಸಾಗಿಸುವ ಕೆಲಸವೆಲ್ಲ ಅವನಿಗೇ. ನೋಡಲು ಸಕ್ಕರೆ ಕಾರ್ಖಾನೆಯ ಸಾಹೇಬರು ಬರುವವರಿದ್ದರು. ಟೀ ಅಂಗಡಿಯಲ್ಲಿ ಅದೇ ಮಾತು.

"ಎರಡು ಲಾರಿ ಒರೋದ್ನ ಇದೊಂದೇ ಒರ್ತದೆ ಕಣ್ಲಾ" ಎಂದ ಚಲುವರಾಜು. "ಡೀಸಲ್ ಉಳೀತದೆ, ಡ್ರೈವರ್ ಸಂಬ್ಳ ಉಳೀತದೆ."

ಮರಿಸಿದ್ದಯ್ಯ ಟೀ ಸೋಸುತ್ತಾ, "ಲಾರಿ ಉದ್ದ ಮಾಡ್ದೆ ಸರಿ ಚಲುವರಾಜಣ್ಣ, ತಿರುವ ಏನ್ ಮಾಡೀಯೆ? ತಿರುವಿಗ್ ಮುಂಚೆ ಇರೋ ಮೋರಿ ಬೇರೆ ಎತ್ತಿನ್ ಗಾಡಿಗೆ ಅಂತ ಕಟ್ಟಿದ್ದು" ಎಂದ.

"ಹೊಂದ್ಕತದೆ ಬುಡ್ಲಾ. ಮದ್ವೆಯಾಗಿ ಬಂದ್ ಹೆಣ್ಣು ಹೊಂದ್ಕಳಾಕಿಲ್ವಾ? ಅಂಗೇ ರಸ್ತೆನೂವೆ."

"ನಿಮ್ಮನೇಲಿ ಯಾರ್ ಹೊಂದ್ಕಂಡವ್ರೆ ಅಂತ ಊರಿಗೇ ಗೊತ್ತಲ್ಲಣ್ಣ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ಹಾಲು ಕೊಟ್ಟು ಪಾತ್ರೆ ತೆಗೆದುಕೊಂಡು ಬಂದೆ.

ಖಾಲಿ ಲಾರಿ ನಾಲೆ ಏರಿಯ ಮೇಲೆ ಸುತ್ತಿಕೊಂಡು ಊರು ಸೇರಿತ್ತು. ಕಬ್ಬು ತುಂಬಿದರೆ ಆ ಭಾರಕ್ಕೆ ಏರಿ ಕುಸಿಯುತ್ತದೆ, ಆದ್ದರಿಂದ ಹೊರಗೆ ಹೋಗಲು ನಮ್ಮ ತಿರುವೊಂದೇ ದಾರಿ. ಸಾಹೇಬರು ಬರುವ ದಿನ ಬೆಳಿಗ್ಗೆ ಗೌಡರು ಮನೆಮಂದಿಯ ಜೊತೆ ಪೂಜೆಯ ತಟ್ಟೆ ಹಿಡಿದು ತಿರುವಿಗೇ ಬಂದರು. ಗೌಡರ ಹೆಂಡತಿ, "ಮೊದ್ಲು ಅಮ್ಮನಿಗೆ ಬೆಳಗ್ರಿ" ಎಂದರು. ಚಲುವರಾಜು ಚಪ್ಪಲಿ ಬಿಟ್ಟ. ಕಾಯಿ ಒಡೆದ, ಕರ್ಪೂರ ಹಚ್ಚಿದ. ತಾನೇ ನಾಲೆಗೆ ಎಸೆಸಿದ ಕಲ್ಲಿಗೆ ಊರೆಲ್ಲ ನೋಡುವಂತೆ ಬಗ್ಗಿ ಕೈಮುಗಿದ.

ಡ್ರೈವರ್ ಮಹದೇವಯ್ಯ ತಿರುವನ್ನು ಎರಡು ಸಲ ನಡೆದು ನೋಡಿ, "ಅಣ್ಣ, ಕಲ್ಲು ಅಡ್ಡ ಆಯ್ತದೇನೋ" ಎಂದ.

"ಅಮ್ಮ ಅವ್ಳೆ, ಕಾಪಾಡ್ತಾಳೆ. ನಡಿಯೋ ನೀನು."

ನಾನು ಬಾಗಿಲಲ್ಲಿ ನಿಂತಿದ್ದೆ. ನಗು ಬಂದರೆ ಕೆಟ್ಟೀತೆಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದೆ.

ಮಧ್ಯಾಹ್ನದ ಹೊತ್ತಿಗೆ ಲಾರಿ ಕಬ್ಬು ಹೇರಿಕೊಂಡು ಬಂತು. ಮೋರಿ ದಾಟುವಾಗ ಒಂದು ಚಪ್ಪಡಿ ಕಟಾರೆಂದು ಬಿರುಕು ಬಿಟ್ಟಿತು. ಹಿಂದೆ ಕಬ್ಬಿನ ಟ್ರಾಕ್ಟರುಗಳ ಸಾಲು, ಮುಂದೆ ಸಾಹೇಬರ ಜೀಪು. ಮಹದೇವಯ್ಯ ಆದಷ್ಟು ತೋಟದ ಕಡೆಗೆ ಸರಿದುಕೊಂಡು ತಿರುಗಿಸಿದ. ಲಾರಿಯ ಮೂತಿ ಗೌಡರ ಕಾಂಪೌಂಡಿಗೆ ಮುಟ್ಟಿತು. ಬಾಲ ಹಳೆಯ ಚಾಳಿಯಂತೆ ಒಳಕ್ಕೆ ಸವರಿಕೊಂಡು ಬಂತು. ಜಗುಲಿಗೆ ಗೇಣಿರುವಾಗ ಹಿಂದಿನ ಚಕ್ರ ಕಲ್ಲಿಗೆ ಬಡಿದು ನಿಂತಿತು. ಕಲ್ಲು ಅಲುಗಲಿಲ್ಲ. ಮೂತಿ ಆಡಿಸಲು ಜಾಗವಿಲ್ಲದೆ, ಹಿಂದಕ್ಕೆ ಬಿಟ್ಟರೆ ಬಾಲ ಮಡಿಚಿಕೊಂಡು ಹೊರೆ ವಾಲುತ್ತಿತ್ತು. ಮಹದೇವಯ್ಯ ಎಂಜಿನ್ ಆರಿಸಿ ಕೆಳಗಿಳಿದ.

"ಏ ಸ್ವಾಮಿ" ಎಂದು ಚಲುವರಾಜು ಕೂಗಿದ. ದಾರಿಯ ಹಳ್ಳ ಮುಚ್ಚಲು ತರಿಸಿದ್ದ ಜೇಸಿಬಿಯ ಹುಡುಗ ಅವನು. "ಆ ಕಲ್ಲ ಕಿತ್ ಬಿಸಾಕ್ಲಾ!"

ಸ್ವಾಮಿ ಇಳಿದು ಬಂದು ಕಲ್ಲು ನೋಡಿದ. ಇನ್ನೂ ಅಳಿಯದ ಕರ್ಪೂರದ ಕರಿ, ಒಡೆದ ಕಾಯಿಯ ಚಿಪ್ಪು. "ಬೆಳಿಗ್ಗೆ ನೀವೇ ಅಡ್ಡಬಿದ್ರಲ್ಲಣ್ಣ. ನಮ್ಮನೇಲಿ ಚಿಕ್ ಮಕ್ಳವೆ. ನಾನ್ ಮುಟ್ಟಾಕಿಲ್ಲ."

"ಲೇ ಮಹದೇವಯ್ಯ, ನೀನಾರ ಕೀಳ್ಲಾ."

"ನಾನೂ ಲಾರಿ ಓಡ್ಸಿ ಬದುಕ್ಬೇಕಣ್ಣ."

ಸಾಹೇಬರು ಗಡಿಯಾರ ನೋಡಿಕೊಂಡರು. ಹಿಂದಿನ ಟ್ರಾಕ್ಟರಿನವರು ಹಾರ್ನ್ ಹೊಡೆಯತೊಡಗಿದರು. ಚಲುವರಾಜು ಬೆವರು ಒರೆಸಿಕೊಂಡು ನಮ್ಮ ಜಗುಲಿಯ ಹತ್ತಿರ ಬಂದ.

"ಏ ಮಂಚಿ, ನೆಟ್ಟೋಳು ನೀನು, ನೀನೇ ತಗಸು."

ನಾನು ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

"ಮಂಚಮ್ಮ, ನಿನ್ಗೇ ಯೋಳ್ತಾ ಇರೋದು."

"ಕೇಳಿಸ್ತಾ ಅದೆ, ಯೋಳಿ."

"ಅಮ್ಮನ್ನ ಏನಾದ್ರೂ ಕೇಳಿ..."

"ಕಲ್ಲು ಮಾತಾಡಾಕಿಲ್ಲ ಗೌಡ್ರೆ, ನಾನು ಮಾತಾಡ್ತೀನಿ. ಅವತ್ತು ನನ್ ಗಂಡ ಕುಡ್ದಿದ್ನಾ?"

ಅವನ ಕಣ್ಣು ಜೀಪಿನ ಕಡೆ ಹೋಯಿತು. ಹಾರ್ನುಗಳು ನಿಂತಿದ್ದವು. ಅರುಂಧತಿ ಬಾಗಿಲಿಗೆ ಬಂದು ನಿಂತಳು.

"ಈಗ್ಯಾಕಮ್ಮ ಅದು..."

ನಾನು ಇನ್ನೊಂದು ಕಾಯಿ ಬಿಡಿಸಿದೆ. ಬಿಸಿಲಿಗೆ ಲಾರಿಯ ಕಬ್ಬು ಒಣಗುತ್ತಿತ್ತು.

"ಇಲ್ಲ" ಎಂದ, ನೆಲ ನೋಡಿಕೊಂಡು.

"ಆ ಟ್ರಾಕ್ಟರ್‌ನೋರಿಗೆ ಕೇಳಿಸ್ಲಿಲ್ಲ."

"ಅಂಕಯ್ಯ ಕುಡ್ದಿರ್ಲಿಲ್ಲ!" ಕೂಗಿಯೇಬಿಟ್ಟ. "ಜಗ್ಲಿ ಮೇಲೆ ಕುಂತಿದ್ದ. ಲಾರಿ ತಿರುಗ್ಲಿಲ್ಲ. ಕಲ್ಲು ಕೀಳ್ಸಿದ್ದು ನಾನೇ. ಸಾಕಾ ಮಂಚಮ್ಮೋರೆ? ಈಗ್ಲಾದ್ರೂ ಕಲ್ಲು ತಗಸಿ."

ಟ್ರಾಕ್ಟರುಗಳ ಸಾಲಿನಲ್ಲಿ ಮಹಜರಿನ ದಿನ ಹ್ಞೂಂ ಎಂದವರು ಬಹಳ ಜನ ಇದ್ದರು. ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದೆ.

"ಕಲ್ಲು ತಗಸ್ತೀನಿ ಅಂತ ನಾನ್ ಯಾವಾಗಂದೆ?"

ಅವನು ಕಲ್ಲಿಗೆ ಸಿಕ್ಕಿಕೊಂಡ ಚಕ್ರದ ಕಡೆ ತಿರುಗಿ ನೋಡಿದ.

"ಆ ಕಡೆ ಜಾಗ ಅದೆಯಲ್ಲ" ಎಂದು ಕಾಂಪೌಂಡು ತೋರಿಸಿದೆ. "ಗಾಡಿಗಳು ತಿರುಗ್ತಿದ್ದ ಜಾಗ. ರಸ್ತೇದೇ. ಗ್ವಾಡೆಗೆ ಯಾರೂ ಅರಿಸಿಣ ಬಳ್ದಿಲ್ಲ, ಸ್ವಾಮಿ ಧೈರ್ಯವಾಗಿ ಮುಟ್ತಾನೆ."

ಸಾಹೇಬರು ಜೀಪು ಹತ್ತಿದರು. "ಈ ದಾರಿಗೆ ಈ ಲಾರಿ ಆಗೋದಿಲ್ಲ ಬಿಡಿ" ಎಂದಷ್ಟೇ ಅಂದು ಹೊರಟರು. ಕೆಲಸ ಕೈ ತಪ್ಪಿತು, ಆದರೂ ಲಾರಿ ಅಲ್ಲೇ ಕೂರುವ ಹಾಗಿರಲಿಲ್ಲ. ಚಲುವರಾಜು ಬಹಳ ಹೊತ್ತು ಕಮಾನಿನ ಕೆಳಗೆ ನಿಂತಿದ್ದು, ಕೊನೆಗೆ ಸ್ವಾಮಿಯ ಕಡೆಗೆ ಕೈ ಬೀಸಿದ.

ಜೇಸಿಬಿಯ ಹಲ್ಲು ಮೊದಲು ಗೋಡೆಯನ್ನು ಕಚ್ಚಿತು, ಆಮೇಲೆ ಕಮಾನನ್ನು. ಅವನ ತಂದೆಯ ಹೆಸರು ಎರಡು ತುಂಡಾಗಿ ಬಿತ್ತು. ಲಾರಿ ಆ ಅವಶೇಷದ ಮೇಲೆ ಹತ್ತಿ, ಹಿಂದೆ ಸರಿದು, ಮತ್ತೆ ಹತ್ತಿ, ನರಳುತ್ತಾ ತಿರುಗಿತು. ಈ ಸಲ ಬಾಲ ನಮ್ಮ ಕಲ್ಲಿಗೆ ಮುಟ್ಟಲಿಲ್ಲ.

ಧೂಳು ನಮ್ಮ ಮನೆಯ ಮೇಲೆಲ್ಲ ಬಂದು ಕೂತಿತು. ಅರುಂಧತಿ ಪೊರಕೆ ತಂದಳು.

"ಬುಡವ್ವ, ಗುಡಿಸ್ಬೇಡ" ಎಂದೆ.

ಅಂಕಯ್ಯ ಕೂರುತ್ತಿದ್ದ ಕಡೆಗೆ ಸರಿದು ಕೂತೆ. ಚಲುವರಾಜು ಮುರಿದ ಹೆಸರಿನ ತುಂಡುಗಳನ್ನು ಒಂದೊಂದಾಗಿ ಎತ್ತಿ ಜೋಡಿಸುತ್ತಿದ್ದ. ಅವನು ಕೊನೆಯದನ್ನು ಎತ್ತುವ ತನಕ, ಗೌಡರ ಗೋಡೆಯ ಧೂಳು ತಲೆಯ ಮೇಲೆ ಹೊತ್ತುಕೊಂಡೇ, ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದೆ.