ರಂಗನಾಯಕಮ್ಮನವರ ಸಾಮಾನಿನ ಸರಪಳಿ

ಮದ್ದೂರಿನ ರಂಗನಾಯಕಮ್ಮನವರ ಬಗ್ಗೆ ಹೇಳಲೇಬೇಕು. ಹೇಳಿ ಕಳಿಸುವ ಬಾಯಿಮಾತಿಗೂ ಬೀಗ ಹಾಕಿದ ಇಂಥವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಪ್ಪತ್ತನಾಲ್ಕರಲ್ಲಿ ನಾನು ಮದ್ದೂರು–ಮಲವಳ್ಳಿ ಬಸ್ಸಿನ ಡ್ರೈವರು. ಅಮ್ಮನವರು ನಡೆಯುತ್ತಿರಲಿಲ್ಲ, ಅರ್ಧ ಓಡುತ್ತಿದ್ದರು; ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊರಟ ಬಸ್ಸಿಗೂ ಕೈ ಅಡ್ಡ ಹಿಡಿದು, ಮಲವಳ್ಳಿಯಲ್ಲಿದ್ದ ತಂಗಿ ಆಂಡಾಳ್ ತರಿಸಿಡಬೇಕಾದ ಸಾಮಾನು ಹೇಳಿ, ಕಂಡಕ್ಟರ್ ಪುಟ್ಟರಾಜುವಿನ ಬಾಯಲ್ಲಿ ತಿರುಗಿ ಹೇಳಿಸಿಯೇ ದಾರಿ ಬಿಡುತ್ತಿದ್ದರು.

ಒಂದು ದಿನ, "ಅವರೆ, ರಾಗಿ, ಗಸಗಸೆ, ಸಾಸಿವೆ" ಎಂದರು. ಭಾರತೀನಗರದಲ್ಲಿ ಪುಟ್ಟರಾಜು ಕಬ್ಬಿನ ಹೊರೆಯವನೊಬ್ಬನ ಜೊತೆ ಜಗಳಕ್ಕೆ ಬಿದ್ದ. ಮಲವಳ್ಳಿಯಲ್ಲಿ ಆಂಡಾಳ್, ಅತ್ತೆಯ ಜೊತೆ ನಿಂತಿದ್ದರು.

"ಅವರೆ, ರಾಗಿ, ಕಡಲೆ, ಸಾಸಿವೆ ಕಣಮ್ಮ" ಅಂದ.

ಆಂಡಾಳ್ ಮುಖ ಬಿಳಿಚಿತು. "ಮಧ್ಯೆ ಏನೋ ತಪ್ಪಿದೆ. ಅಕ್ಕನ್ನ ಮತ್ತೆ ಕೇಳ್ಕೊಂಡು ಬನ್ನಿ."

"ಕಾಳು ಯಾವ್ದಾದ್ರೇನವ್ವ, ಬೇಯಾಕಿಲ್ವಾ?" ಅಂದ ಪುಟ್ಟರಾಜು.

"ಅವರೆ ಮನೇಲೇ ಇದೆಯಲ್ಲೇ, ನಿಮ್ಮಕ್ಕನಿಗೇನು ಮರೆವೇ?" ಎಂದರು ಅತ್ತೆ.

ಮದ್ದೂರಿಗೆ ವಾಪಸಾಗಿ ಹೇಳಿದ್ದೇ ತಡ, ಅಮ್ಮನವರು ಕುಣಿದೇಬಿಟ್ಟರು. "ನೋಡಿದ್ಯಾ! ಒಂದು ಮಾತು ಮುಗಿದ ಅಕ್ಷರದಲ್ಲೇ ಇನ್ನೊಂದು ಹುಟ್ಟಬೇಕು. ರೆ, ರಾ. ಗಿ, ಗ. ಸೆ, ಸಾ. ನೀನು ಕೊಂಡಿ ಕಳಚಿದೆ, ಅವಳು ಅಲ್ಲೇ ಹಿಡಿದಳು! ಕಡಲೆ ಅಲ್ಲಪ್ಪ, ಗಸಗಸೆ!"

"ಬುಡ್ಲಾ, ಬಿರ್ರನೆ ಬುಡು! ಮರ್ತೋಯ್ತದೆ!" ಎಂದು ಪುಟ್ಟರಾಜು ನನ್ನ ಬೆನ್ನಿಗೆ ಗುದ್ದಿದ. ಮಲವಳ್ಳಿ ಮುಟ್ಟುವವರೆಗೂ ಇಡೀ ಬಸ್ಸು ಗಸಗಸೆ, ಗಸಗಸೆ ಎನ್ನುತ್ತಿತ್ತು.

ಆ ಗುರುವಾರ ಆಂಡಾಳ್ ಒಬ್ಬರೇ ನಮ್ಮ ಬಸ್ಸು ಹತ್ತಿದರು. ಅವರಿಗೆ ಮಂಡ್ಯದಲ್ಲಿ ಟೀಚರ್ ಕೆಲಸ ಸಿಕ್ಕಿದ ಮೇಲಷ್ಟೇ ನಮಗೆ ಆ ಸಾಮಾನಿನ ಅರ್ಥ ಗೊತ್ತಾಯಿತು. ಸೊಸೆ ದುಡಿಯುವುದು ಅತ್ತೆಗೆ ಬೇಡವಾಗಿತ್ತು. ಅದಕ್ಕೇ ಸಂದರ್ಶನದ ಕರೆ ಅಕ್ಕನ ಮನೆಗೆ ಬರುವಂತೆ ಮಾಡಿಕೊಂಡಿದ್ದರು. ರಾಗಿ ಎಂದರೆ ಕರೆ ಬಂದಿದೆ. ಗಸಗಸೆ ಎಂದರೆ ಗುರುವಾರ. ಅವರೆ, ಸಾಸಿವೆ ಬರೀ ಕೊಂಡಿ ಕೂಡಿಸಲು. ಕಡಲೆಯೂ ಅವರಲ್ಲಿ ಒಂದು ದಿನವೇ: ಶುಕ್ರವಾರ! ಅದನ್ನು ನಂಬಿದ್ದರೆ ಕೆಲಸ ಕೈಬಿಟ್ಟು ಹೋಗುತ್ತಿತ್ತು.

ಗುಟ್ಟು ಮುಚ್ಚಿಡುವವರು ಬಹಳ ಜನ ಇದ್ದಾರೆ. ಗುಟ್ಟು ಕೆಟ್ಟರೆ ಅದೇ ಕೂಗಿ ಹೇಳುವಂತೆ ಕಟ್ಟುವವರು ಅಪರೂಪ. ತಮ್ಮವರು ಮೋಸಹೋಗಬಾರದೆಂಬ ಪ್ರೀತಿ ಇದ್ದವರಿಗೇ ಅದು ಹೊಳೆಯುವುದು.

ಮದ್ದೂರಿಗೆ ಹೋದರೆ ರಂಗನಾಯಕಮ್ಮನವರನ್ನು ಕಂಡು ಬನ್ನಿ. ಏನಾದರೂ ಹೇಳಿ ಕಳಿಸಿದರೆ ಒಂದಕ್ಷರವನ್ನೂ ತಿದ್ದಬೇಡಿ. ತಂಗಿಗೆ ಗೊತ್ತಾಗಿಬಿಡುತ್ತದೆ.