ಹಿಮ್ಮಡಿಯ ಗುಳಿ

ಇಷ್ಟು ಸಣ್ಣ ತೂತಿನಿಂದ ಇಷ್ಟೊಂದು ಬೆಳಕು—ಇಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನಲ್ಲಿ ಯಾವ ಕಾಲದಲ್ಲೋ ವೈರು ತೂರಿಸಲು ಕೊರೆದ ತೂತು, ಬಾನೆಟ್ಟು ತೆರೆದಿರುವುದರಿಂದ ಬಿಸಿಲು ಅದರೊಳಗೆ ನುಸುಳಿ ಒಂದು ಕಡ್ಡಿಯಾಗಿ ಚಾಚಿಕೊಂಡಿದೆ, ಕಡ್ಡಿಯೊಳಗೆ ಧೂಳು ಏಳುತ್ತದೆ, ಇಳಿಯುತ್ತದೆ, ಅದಕ್ಕೆ ಯಾರ ಅವಸರವೂ ಇಲ್ಲ, ಅವಳು ಡ್ರೈವರ್ ಸೀಟಿನ ಮುಂದೆ ತಲೆ ತೂರಿಸಿ ಅಂಗಾತ ಮಲಗಿದ್ದಾಳೆ, ಕಾಲು ಬಾಗಿಲಾಚೆ, ಎದೆಯ ಮೇಲೆ ಸ್ಪ್ಯಾನರು, ಕಣ್ಣಿನ ಮೇಲೆಯೇ ಆಕ್ಸಿಲರೇಟರ್ ಪೆಡಲು ದೊಡ್ಡ ಪ್ರಾಣಿಯ ನಾಲಿಗೆಯ ಹಾಗೆ ಇಳಿಬಿದ್ದಿದೆ, ನಾಲಿಗೆಯ ಅಡಿಯಲ್ಲಿ ಅವಳು ನಿನ್ನೆ ಗುಟ್ಟಾಗಿ ಕೂರಿಸಿದ ಬೋಲ್ಟು, ಪೆಡಲು ಅರ್ಧಕ್ಕೆ ಬಂದು ಅದಕ್ಕೆ ತಗುಲಿ ನಿಲ್ಲಬೇಕು, ಮುಂದೆ ಹೋಗಕೂಡದು, ಹಾವೂ ಸಾಯಬೇಕು ಕೋಲೂ ಮುರಿಯಬಾರದು—ಆಯ್ತೇನಮ್ಮಾ, ಅಪ್ಪನ ದನಿ ಹೊರಗಿಂದ, ಇನ್ನೊಂಚೂರು ಅಪ್ಪಾ, ವೈರು ಸರಿ ಮಾಡ್ತಿದೀನಿ, ಸುಳ್ಳು, ಬೋಲ್ಟು ಬಿಗಿಯಾಗಿದೆಯೇ ಎಂದು ನೋಡುತ್ತಿದ್ದಾಳೆ, ಬಿಗಿಯಾಗಿದೆ, ಇನ್ನು ಏಳಬಹುದು, ಏಳುವುದಿಲ್ಲ. ಕೆನ್ನೆಯ ಪಕ್ಕದಲ್ಲಿ ಕಾರ್ಪೆಟ್ಟಿನ ಆ ಗುಳಿ. ಅಪ್ಪನ ಬಲಗಾಲಿನ ಹಿಮ್ಮಡಿ ಒಂದೇ ಕಡೆ ಕೂತು ಕೂತು ಸವೆದು ಬಿದ್ದ ಗುಳಿ, ಬಟ್ಟಲಿನಷ್ಟು ದುಂಡಗೆ, ಸಣ್ಣವಳಿದ್ದಾಗ ಗೋಲಿ ಇಟ್ಟರೆ ಅದರಲ್ಲಿ ಉರುಳದೆ ಕೂರುತ್ತಿತ್ತು, ಅಪ್ಪ ಕಾರು ಒರೆಸುವಾಗ ಅವಳು ಇಲ್ಲೇ ಮುದುಡಿ ಕೂತು ಗೋಲಿಯನ್ನು ಗುಳಿಯಲ್ಲಿ ಮಲಗಿಸಿ ಎಬ್ಬಿಸಿ ಮಲಗಿಸಿ, ಚರ್ಮದ ಸೀಟಿನ ವಾಸನೆ, ಮೇಣದ ವಾಸನೆ, ಏಳು ಪುಟ್ಟಾ ಅಮ್ಮಾವ್ರು ಬರೋ ಹೊತ್ತಾಯ್ತು.

ಅಮ್ಮಾವ್ರು ಎಂದರೆ ಈ ಕಾರಿನ ಆಗಿನ ಒಡತಿ, ಹಿಂದಿನ ಸೀಟಿನ ದನಿ, ಅವರ ಮುಖ ಅವಳಿಗೆ ನೆನಪಿಲ್ಲ, ಅಪ್ಪನಿಗೇ ನೆನಪಿದೆಯೋ ಇಲ್ಲವೋ, ಒಳಗಿನ ಕನ್ನಡಿಯನ್ನು ಅವನು ಸದಾ ಮೇಲಕ್ಕೆ ಎತ್ತಿಡುತ್ತಿದ್ದ, ಹಿಂದೆ ಕೂತವರ ಕಣ್ಣಿಗೆ ಡ್ರೈವರನ ಕಣ್ಣು ಸಿಗಬಾರದು ಎಂದು, ರಸ್ತೆಯನ್ನು ಪಕ್ಕದ ಕನ್ನಡಿಗಳಲ್ಲೇ ನೋಡಿಕೊಂಡು ಒಂದು ಜೀವಮಾನ ಓಡಿಸಿದ. ಹಿಂದಿನಿಂದ ಬರುತ್ತಿದ್ದದ್ದು ಒಂದೇ ಮಾತು, ನಿಧಾನ. ಬಟ್ಟಲ ಕಾಫಿ ತುಳುಕಬಾರದು, ನಿಧಾನ, ಮಗು ಮಲಗಿದೆ, ನಿಧಾನ, ದಾರಿ ಖಾಲಿಯಿದ್ದಾಗಲೂ, ನಿಧಾನ—ಸರಿ ಅಮ್ಮಾವ್ರೇ. ಕಾರು ಓಡಿಸುವುದಕ್ಕೆಂದೇ ಬೇರೆ ಬೂಟು, ಕರಿ ಬೂಟು, ಈ ಬಾಗಿಲಿನಿಂದ ಆ ಬಾಗಿಲಿಗೆ ನಾಲ್ಕು ಹೆಜ್ಜೆ ಬಿಟ್ಟರೆ ಅದು ನೆಲ ಕಂಡದ್ದಿಲ್ಲ, ಇವತ್ತೂ ಅದನ್ನೇ ಹಾಕಿಕೊಂಡು ಬಂದಿದ್ದಾನೆ, ಪಾಲಿಶ್ ಹಾಕಿ, ಬಾಗಿಲ ಕೆಳಗಿನ ಸಂದಿನಲ್ಲಿ ಅವಳಿಗೆ ಕಾಣುತ್ತಿದೆ, ಎರಡು ಕರಿ ಬೆಕ್ಕುಗಳು ಅಡುಗೆಮನೆ ಬಾಗಿಲು ಕಾಯುವ ಹಾಗೆ ಕಾಯುತ್ತಿವೆ.

ಆ ಮನೆಯವರು ಅಪ್ಪನಿಗೆ ಕಾರು ಕೊಟ್ಟದ್ದು ಅದರ ಇಂಜಿನ್ನು ಜಾಮಾಗಿ ಸತ್ತ ಮೇಲೆ, ಆನೆ ಕೊಟ್ಟೆವು ಎಂದು ಊರಿಗೆಲ್ಲ ಹೇಳಿದರು, ಸತ್ತ ಆನೆ ಎಂದು ಹೇಳಲಿಲ್ಲ, ಅಮ್ಮ ಮಾತ್ರ ಹೇಳಿದಳು, ಅಂಗಳ ಪೂರ್ತಿ ಇದೇ ತುಂಬ್ಕೊಂಡ್ರೆ ಬಟ್ಟೆ ನಿಮ್ಮ ತಲೆ ಮೇಲೆ ಒಣಗಿ ಹಾಕ್ಲಾ. ಮಗಳು ಹಳೆಯ ಇಂಜಿನ್ನನ್ನೇ ಬಿಚ್ಚಿ ಸರಿ ಮಾಡಿಕೊಡುತ್ತೇನೆ ಎಂದಳು, ಗ್ಯಾರೇಜು ಅವಳದು, ಕೈ ಅವಳದು, ಅಪ್ಪ ತಲೆಯಾಡಿಸಿದ, ಬೇಡ, ಆ ಎಂಟು ಸಿಲಿಂಡರಿಂದು ಇದೆಯಲ್ಲ, ಅದನ್ನ ಹಾಕು. ಮೂಲೆಯಲ್ಲಿ ಟಾರ್ಪಾಲಿನ ಅಡಿ ಮಲಗಿದ್ದ ರೇಸಿನ ಕಾರಿನ ಇಂಜಿನ್ನು, ಮೈ ನುಜ್ಜುಗುಜ್ಜಾದರೂ ಗುಂಡಿಗೆ ಗಟ್ಟಿ ಉಳಿದದ್ದು, ಅಪ್ಪಾ ಅದು ಮೃಗ, ನಿಮಗ್ಯಾಕೆ ಅಷ್ಟು ಜೋರು, ಆಗ ಅವನು ಅವಳ ಮುಖ ನೋಡದೆ ಆ ಟಾರ್ಪಾಲಿನ ಧೂಳು ಕೊಡವುತ್ತ, ಒಂದ್ಸಲ, ಒಂದೇ ಸಲ, ಪೂರ್ತಿ ಒತ್ತಬೇಕು ಕಣಮ್ಮಾ, ಹಿಂದೆ ಯಾರೂ ಇಲ್ಲದೆ—ಬದುಕಿನಲ್ಲಿ ಅವನು ಕೇಳಿದ್ದು ಅಷ್ಟೇ, ಅದಕ್ಕೆ ಮುಂಚೆ ಏನು ಕೇಳಿದ್ದ, ನೆನಪಾಗುವುದಿಲ್ಲ, ಬಡಿಸಿದ್ದನ್ನು ಉಂಡ, ಕೊಟ್ಟದ್ದನ್ನು ಉಟ್ಟ.

ಹಾಗಾಗಿ ಮೊದಲು ಬ್ರೇಕು, ಓಡುವುದಕ್ಕೆ ಮೊದಲು ನಿಲ್ಲುವುದನ್ನು ಕಲಿಸಬೇಕು, ಕಾರಿಗಾಗಲಿ ಮಕ್ಕಳಿಗಾಗಲಿ, ನಾಲ್ಕು ಚಕ್ರಕ್ಕೂ ದೊಡ್ಡ ಡಿಸ್ಕು, ಆಮೇಲೆ ಅಗಲವಾದ ರೇಡಿಯೇಟರು, ಆಮೇಲೆ ಇಂಜಿನ್ನಿನ ಹಿಂದಿನ ಆ ತಗಡನ್ನು ಸುತ್ತಿಗೆಯಲ್ಲಿ ಬಡಿದು ಹಿಂದಕ್ಕೆ ತಳ್ಳಿದ್ದು, ಹೊಸ ಇಂಜಿನ್ನು ದಪ್ಪ ಸೊಸೆಯ ಹಾಗೆ ಹಳೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ಬಾನೆಟ್ಟು ಮುಚ್ಚುತ್ತದೋ ಇಲ್ಲವೋ ನೋಡಲು ಅಮ್ಮ ನಾದಿಟ್ಟ ಹಿಟ್ಟಿನಿಂದ ಒಂದು ಉಂಡೆ ಕದ್ದು ಇಂಜಿನ್ನಿನ ನೆತ್ತಿಗೆ ಅಂಟಿಸಿ, ಬಾನೆಟ್ಟು ಇಳಿಸಿ, ಎತ್ತಿ, ಚಪ್ಪಟೆಯಾದ ಹಿಟ್ಟಿನ ದಪ್ಪ ಅಳೆದರೆ ಒಂದು ಬೆರಳು, ಒಂದು ಬೆರಳು ಸಂದು ಸಾಕು, ಹಿಟ್ಟೆಲ್ಲೇ ಎಂದು ಅಮ್ಮ, ಕಾರು ತಿಂತು ಅತ್ತೆ ಎಂದು ಅವಳ ಗಂಡ. ಗಂಡ ವೈರಿಂಗಿನವನು, ಅವಳನ್ನು ಮೇಸ್ತ್ರಿ ಎಂದೇ ಕರೆಯುವುದು, ಮೊದಲ ದಿನ ಇಂಜಿನ್ನು ಎದ್ದಾಗ ಅವನೇ ಇಲ್ಲಿ ಕೂತಿದ್ದ, ಸುಮ್ಮನೆ ತುಸು ತುಳಿದದ್ದು ಅಷ್ಟೇ, ಕಾರು ಚಂಗನೆ ನೆಗೆದು ಕೆಲಸದ ಮೇಜನ್ನು ಗೋಡೆಯತ್ತ ತಳ್ಳಿ ನಿಂತಿತು, ಡಬ್ಬಿಗಳು ಉರುಳಿ ನಟ್ಟುಗಳು ನೆಲದ ತುಂಬ ಮಳೆಯ ಹಾಗೆ, ಆ ಸದ್ದು ನಿಂತ ಮೇಲೆ ಅವನು ಬಿಳಿಚಿಕೊಂಡು ನಕ್ಕ, ಮೇಸ್ತ್ರೀ ನಿಮ್ಮಪ್ಪನಿಗೆ ಕಾರಲ್ಲ, ರೆಕ್ಕೆ ಕಟ್ಟಿದೀಯ. ಅವಳಿಗೆ ನಗು ಬರಲಿಲ್ಲ. ಮೇಜು ಮತ್ತು ಗೋಡೆಯ ನಡುವೆ ಉಳಿದ ಸಂದು ಅದೇ ಒಂದು ಬೆರಳು. ಅಂದೇ ಬೋಲ್ಟಿನ ಯೋಚನೆ ಬಂತು. ಅಪ್ಪನ ಕಾಲಿಗೆ ಹೇಗೂ ಅರ್ಧವೇ ಅಭ್ಯಾಸ, ಗೊತ್ತಾಗುವುದಿಲ್ಲ, ಪೂರ್ತಿ ಒತ್ತಿದೆ ಎಂದುಕೊಳ್ಳುತ್ತಾನೆ, ಸಂತೋಷವಾಗಿ ಮನೆಗೆ ಬರುತ್ತಾನೆ, ಬರಬೇಕು.

ಎದ್ದು ಮೈ ಕೊಡವಿ ಬಾನೆಟ್ಟು ಇಳಿಸಿ ತಿರುಗುತ್ತಾಳೆ, ಅಪ್ಪ ಹಿಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದಾನೆ. ನೆಟ್ಟಗೆ, ಎಡಗೈ ಬೆನ್ನ ಹಿಂದೆ, ತುಸು ಬಾಗಿ. ಅವಳು ನೋಡುತ್ತಾಳೆ, ಅವನೂ ನೋಡುತ್ತಾನೆ, ತೆರೆದ ಬಾಗಿಲನ್ನು ಬೇರೆ ಯಾರೋ ತೆರೆದ ಹಾಗೆ, ಅಯ್ಯೋ ನನ್ನ ಕೈ ನೋಡು, ನಗುತ್ತಾನೆ, ಅಮ್ಮ ಹೊಸ್ತಿಲಿನಿಂದ, ನಂಗೊಂದಿನ ಹಾಗೆ ಬಾಗಿಲು ತೆಗ್ದಿದ್ರೆ ಸ್ವರ್ಗ ಇಳಿದು ಬರ್ತಿತ್ತು, ನೋಡ್ಕೊಂಡ್ ಹೋಗ್ರಿ, ಮುದಿಗಾಲಕ್ಕೆ ಕುದುರೆ ಸವಾರಿ. ಮಗಳು ಮುಂದೆ, ಅಪ್ಪನ ಪಕ್ಕ ಕೂರುತ್ತಾಳೆ. ಊರು ಹಿಂದಾಗುತ್ತದೆ, ಗೋದಾಮುಗಳು, ತಂತಿಬೇಲಿ, ಮರಗಳು, ಇಂಜಿನ್ನು ಹೊಟ್ಟೆಯೊಳಗೆ ಗುನುಗುತ್ತಿದೆ, ಕಾರು ತೇಲುತ್ತಿದೆ, ಅಪ್ಪ ಹೀಗೆಯೇ ಓಡಿಸುತ್ತಿದ್ದ, ದೋಣಿಯ ಹಾಗೆ, ಅವಳಿಗೆ ಕಣ್ಣು ಕೂರುತ್ತದೆ, ಗೋಲಿ ಗುಳಿಯಲ್ಲಿ ಮಲಗುತ್ತದೆ, ಮುಂದೆ ನೇರ ರಸ್ತೆ, ಆಕಾಶ ಮುಟ್ಟುವವರೆಗೂ ಯಾರೂ ಇಲ್ಲ, ಅಪ್ಪ ಕನ್ನಡಿಯನ್ನು ಕೈ ಚಾಚಿ ಕೆಳಕ್ಕೆ ತಿರುಗಿಸುತ್ತಾನೆ, ಅದರಲ್ಲಿ ಖಾಲಿ ಸೀಟು, ಖಾಲಿ ಸೀಟನ್ನು ಕಣ್ತುಂಬ ನೋಡಿ ಅವನು ಒತ್ತುತ್ತಾನೆ—ಟಕ್.

ಸಣ್ಣ ಸದ್ದು. ಇಂಜಿನ್ನಿನ ಗುನುಗಿನಲ್ಲಿ ಬೇರೆಯವರಿಗೆ ಕೇಳಿಸುವಂಥದ್ದಲ್ಲ. ಅಪ್ಪ ಮತ್ತೊಮ್ಮೆ ಒತ್ತಿದ, ಟಕ್, ಕಾಲು ತೆಗೆದ, ಕಾರು ತಾನಾಗಿ ನಿಧಾನವಾಗಿ ಅಂಚಿಗೆ ಬಂದು ನಿಂತಿತು, ಅವನು ಬೈಯುತ್ತಾನೆ ಎಂದು ಅವಳು ಕಾದಳು, ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಅವನು ಕನ್ನಡಿಯನ್ನೇ ನೋಡುತ್ತ, ಹಿಂದಿನ ಸೀಟು ಖಾಲಿ ಅಂದ್ಕೊಂಡಿದ್ದೆ ಪುಟ್ಟಾ. ಅಷ್ಟೇ. ಅಪ್ಪಾ ಇದು ನಿಮಗೆ ಗೊತ್ತಿಲ್ಲ, ಮೇಜು, ಗೋಡೆ, ಒಂದು ಬೆರಳು—ಗೊತ್ತು ಕಣಮ್ಮಾ, ನಿನ್ನ ಗಂಡ ಹೇಳ್ದ, ಇರ್ಲಿ ಬಿಡು, ಹೀಗೇ ಮನೆಗೆ ಹೋಗೋಣ, ಇದೂ ಚೆನ್ನಾಗೇ ಇದೆ, ಸರಿ ಅಮ್ಮಾ—ಸರಿ ಅಮ್ಮಾ, ಅದೇ ದನಿ, ಅದೇ ಎತ್ತರ, ಅದೇ ತಲೆ ಬಾಗು, ಅಮ್ಮಾವ್ರ ಮುಖ ಅವಳಿಗೆ ಈಗ ಕಾಣುತ್ತಿದೆ, ಕನ್ನಡಿಯಲ್ಲಿ ಇಣುಕಿದರೆ ಅದು ತನ್ನದೇ. ನಿಧಾನ ಎಂದವರೆಲ್ಲ ಪ್ರೀತಿಯಿಂದಲೇ ಎಂದಿರಬೇಕು. ತಾನು ಕಟ್ಟಿದ ಬ್ರೇಕನ್ನು ತಾನೇ ನಂಬದವಳು ಎಂಥ ಮೇಸ್ತ್ರಿ.

ಬಾಗಿಲು ತೆರೆದು ಸುತ್ತಿ ಬಂದು ಮೊಣಕಾಲೂರುತ್ತಾಳೆ, ಕಾಲು ಎತ್ತಿ ಅಪ್ಪಾ, ಸ್ಪ್ಯಾನರು ಜೇಬಿನಲ್ಲೇ ಇತ್ತು, ಜೇಬಿಗೆ ಮೊದಲೇ ಗೊತ್ತಿತ್ತೇನೋ, ಬಿಗಿ ಮಾಡಿದ ಕೈಗೇ ಬಿಚ್ಚುವ ಕಷ್ಟ, ತಿರುಗಿತು, ಬಂತು, ಅಂಗೈಯಲ್ಲಿ ಬೆಚ್ಚಗೆ. ಮತ್ತೆ ಪಕ್ಕಕ್ಕೆ ಬಂದು ಕೂತು, ಸೀಟಿನ ಪಟ್ಟಿ ಬಿಗಿದುಕೊಂಡು, ಅಪ್ಪನಿಗೂ ಬಿಗಿದು, ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದು, ನಿಧಾ—ಎಂದು ನಾಲಿಗೆಯವರೆಗೆ ಬಂದದ್ದನ್ನು ನುಂಗುತ್ತಾಳೆ, ಕಾರು ಹೊರಡುತ್ತದೆ, ಅವಳು ರಸ್ತೆ ನೋಡುವುದಿಲ್ಲ, ವೇಗದ ಮುಳ್ಳು ನೋಡುವುದಿಲ್ಲ, ಬೂಟು ನೋಡುತ್ತಾಳೆ, ಕರಿ ಬೂಟಿನ ತುದಿ ಇಳಿಯುತ್ತದೆ, ಇಳಿಯುತ್ತದೆ, ಅರ್ಧಕ್ಕೆ ಬಂದು ನಿಲ್ಲುತ್ತದೆ, ಈಗ ಅಲ್ಲಿ ಏನೂ ಇಲ್ಲ, ಆದರೂ ನಿಲ್ಲುತ್ತದೆ, ಬೋಲ್ಟು ಅವಳು ಹಾಕುವುದಕ್ಕೆ ಎಷ್ಟೋ ಮೊದಲೇ ಅಲ್ಲಿತ್ತು, ಅಪ್ಪಾ, ಹಿಂದೆ ಯಾರೂ ಇಲ್ಲ, ಅಪ್ಪಾ, ಎಂದು ಅವಳು ಅಂದಳೋ ಅಂದುಕೊಂಡಳೋ, ಬೂಟು ನಡುಗುತ್ತದೆ, ಇಂಜಿನ್ನಿನ ಗುನುಗು ಎಲ್ಲೋ ದೂರದಲ್ಲಿ ಉಸಿರು ಎಳೆದುಕೊಂಡ ಹಾಗೆ, ಹಿಮ್ಮಡಿ ಕಾರ್ಪೆಟ್ಟಿನಿಂದ ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು ಮೇಲೇಳುತ್ತದೆ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಮರಗಳೆಲ್ಲ ಒಂದೇ ಹಸಿರು ಗೆರೆ, ಅಪ್ಪ ನಗುತ್ತಿದ್ದಾನೋ ಕೂಗುತ್ತಿದ್ದಾನೋ, ಅವಳಿಗೆ ಕಾಣುವುದು ಅದೊಂದೇ, ಕಾರ್ಪೆಟ್ಟಿನ ಆ ಗುಳಿ, ಬಟ್ಟಲಿನಷ್ಟು ದುಂಡಗೆ, ಅದರೊಳಗೆ ಕಿಟಕಿಯ ಬಿಸಿಲು, ಹಿಮ್ಮಡಿ ಇಲ್ಲ, ಗುಳಿ ಖಾಲಿ—