ಮುಕುಂದ ಹೇಳಿದ ಹೆಸರು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಬೈಲಹೊಂಗಲದ ಸಭಾಭವನದಲ್ಲಿ ಮೈಕು ಹಿಡಿದವನು "ಸವದತ್ತಿ ತಂಡದ ಮೊದಲ ಹೆಸರು?" ಎಂದು ಕೂಗಿದಲ್ಲಿಂದ ಶುರು ಮಾಡಬಹುದು. ಇಲ್ಲವೇ ಯರಗಟ್ಟಿಯ ಸುಂದರವ್ವನ ಮಿರ್ಚಿ ಅಂಗಡಿಯ ಮುಂದೆ ಒಂದೇ ಮೊಬೈಲಿನ ಮೇಲೆ ನಲವತ್ತು ತಲೆಗಳು ಬಗ್ಗಿದ್ದಲ್ಲಿಂದ. ಮೊದಲ ಡ್ರಾಫ್ಟನ್ನು ಕಬಡ್ಡಿಯ ಚರಿತ್ರೆಯಿಂದ ಆರಂಭಿಸಿದ್ದೆ, ಎರಡು ಪುಟ. ನನ್ನ ಹೆಂಡತಿ ಓದಿ "ಆಟ ಯಾವಾಗ ಶುರು?" ಅಂದಳು. ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಹೇಗೆ ಹರಿದೆ ಎಂದು ಕೇಳಬೇಡಿ. ಲೇಖಕರು ಹಾಗೇ ಹೇಳಬೇಕು.)

ನೇರ ವಿಷಯಕ್ಕೆ ಬರುತ್ತೇನೆ. ಮುಕುಂದ ಎಂಬ ಮೂವತ್ತೆಂಟು ವರ್ಷದ ಫ್ಲೆಕ್ಸ್ ಅಂಗಡಿಯವನು, ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ, ನಲವತ್ತು ಜನ ನಂಬಿ ಕಳಿಸಿದ ಹೆಸರನ್ನು ಬಿಟ್ಟು ಬೇರೆಯವನ ಹೆಸರು ಹೇಳಿಬಿಟ್ಟ. ಈಗ ಬಸ್ಸಿನಲ್ಲಿ ಊರಿಗೆ ಮರಳುತ್ತಿದ್ದಾನೆ. ಊರಲ್ಲಿ ಆ ನಲವತ್ತು ಜನ ಕಾಯುತ್ತಿದ್ದಾರೆ. ಕಥೆ ಇಷ್ಟೇ.

ಇಷ್ಟಕ್ಕೇ ಬಿಟ್ಟರೆ ಸಂಪಾದಕರು ನನ್ನನ್ನು ಬಿಡುವುದಿಲ್ಲ.

೨

ಗೊತ್ತಿಲ್ಲದವರಿಗೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕು ಊರಿನ ಹೆಸರಲ್ಲಿ ನಾಲ್ಕು ಕಬಡ್ಡಿ ತಂಡ. (ಲೀಗು ನನ್ನ ಕಲ್ಪನೆ, ಊರುಗಳು ಮಾತ್ರ ಖರೆ.) ಇಲ್ಲಿ ಹರಾಜಿಲ್ಲ. ಆಟಗಾರರ ಹೆಸರೆಲ್ಲ ಒಂದೇ ಪಟ್ಟಿಯಲ್ಲಿರುತ್ತವೆ. ತಂಡದವರು ಸರದಿಯ ಮೇಲೆ ಒಂದೊಂದೇ ಹೆಸರು ಕೂಗಿ ತಮ್ಮವರನ್ನಾಗಿ ಮಾಡಿಕೊಳ್ಳುತ್ತಾರೆ. ಶನಿವಾರ ಮೊದಲ ಸುತ್ತು, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಉಳಿದವು. ಮೊದಲ ಸುತ್ತಿನಲ್ಲಿ ಬಂದವನು ಮೊದಲ ಪಂದ್ಯದಿಂದಲೇ ಅಂಕಣಕ್ಕೆ ಇಳಿಯಲೇಬೇಕು. ಕೊನೆಯ ಸುತ್ತಿನವರು ಇಡೀ ಲೀಗು ಬೆಂಚಿನ ಮೇಲೆ ಕೂತರೂ ಯಾರೂ ಕೇಳುವುದಿಲ್ಲ.

ಸವದತ್ತಿ ತಂಡದ್ದು ಇನ್ನೊಂದು ರೂಢಿ ಇದೆ. ಅಲ್ಲಿ ಮೊದಲ ಹೆಸರು ಕಮಿಟಿಯದಲ್ಲ, ಅಭಿಮಾನಿಗಳದು. ಒಂದು ವರ್ಷ ಕಮಿಟಿಯವರೊಬ್ಬರು ತಮ್ಮ ಅಳಿಯನನ್ನೇ ತಂದು ನಿಲ್ಲಿಸಿದರು. ಅವನು ಏಳು ಪಂದ್ಯದಲ್ಲಿ ಒಂದೇ ಒಂದು ಪಾಯಿಂಟ್ ತರಲಿಲ್ಲ. ಜನ ರೊಚ್ಚಿಗೆದ್ದು ಈ ಹಕ್ಕನ್ನು ಕಿತ್ತುಕೊಂಡರು. ಅಂದಿನಿಂದ ಅಭಿಮಾನಿಗಳ ಪರವಾಗಿ ಹೋಗುವವನು ಆ ದಿನ ಬೆಳಿಗ್ಗೆ ಯರಗಟ್ಟಿಯಲ್ಲಿ, ಅಭಿಮಾನಿಗಳ ಅಡ್ಡೆಯಾದ ಸುಂದರವ್ವನ ಅಂಗಡಿಯ ಮುಂದೆ ನಿಂತು, ಎಲ್ಲಮ್ಮನ ಭಂಡಾರದ, ಅಂದರೆ ಅರಿಶಿನ ಪುಡಿಯ, ಬಟ್ಟಲಲ್ಲಿ ಅಂಗೈ ಊರಿ, ಯಾರ ಹೆಸರು ಹೇಳುತ್ತೇನೆಂದು ಆಣೆ ಮಾಡಬೇಕು. ಆ ಹಳದಿ ಕೈಯನ್ನು ತೊಳೆಯದೆ ಬಸ್ಸು ಹತ್ತಬೇಕು.

ಏಳು ಗಂಟೆಗೆ ಕೈ ಊರಿ ಮುಕುಂದ ಹೇಳಿದ್ದು: "ಸಿದ್ದರಾಮ, ರಾಮದುರ್ಗ, ಎಡಗಡೆ ಕಾರ್ನರ್."

ಹನ್ನೊಂದೂವರೆಗೆ ಅದೇ ಕೈ ಎತ್ತಿ ಹೇಳಿದ್ದು: "ಅಜಿತ, ಎಂ.ಕೆ. ಹುಬ್ಬಳ್ಳಿ, ರೈಡರ್."

೩

ಮಿರ್ಚಿ ಅಂಗಡಿಯ ಮುಂದೆ ನಲವತ್ತು ತಲೆಗಳು ಮೊಬೈಲಿಗೆ ಇನ್ನಷ್ಟು ಬಗ್ಗಿದವು. "ಸಿಗ್ನಲ್ ಹೋಗೇತಿ, ಬ್ಯಾರೆ ಟೀಮಿಂದ ಇರಬೇಕು" ಎಂದು ಒಬ್ಬ ಮೊಬೈಲನ್ನು ಕೊಡವಿದ. ಲೈವ್ ಸರಿಯಾಗಿಯೇ ಇತ್ತು. ಪರದೆಯ ಮೇಲೆ ಮುಕುಂದ ತಲೆ ತಗ್ಗಿಸಿ ಕೂತಿದ್ದ.

"ರೈಡರ್?" ಅಂದ ನೀಲಪ್ಪ. ಈ ನೀಲಪ್ಪ ಸುಂದರವ್ವನ ಮಗ, ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಅಭಿಮಾನಿ ಬಳಗದ ಯಜಮಾನ. ಒಂದನೇ ಇಯತ್ತೆಯಿಂದ ಮುಕುಂದನ ಪಕ್ಕದಲ್ಲೇ ಕೂತು ಕಲಿತವನು. "ರೈಡರ್ ತಗೊಂಡು ಏನ್ ಮಾಡೂದೈತಿ? ಮೂರು ಮಂದಿ ರೈಡರ್ ಅದಾರಲ್ಲೋ ನಮ್ಮಲ್ಲಿ! ಹ್ವಾದ ವರ್ಷ ಫೈನಲ್ ಎಲ್ಲಿಂದ ಹೋತು? ಎಡಗಡಿ ಮೂಲ್ಯಾಗ ಹಿಡಿಯಾವ ಇಲ್ಲದ್ದಕ್ಕ ಹೋತು. ಅದೊಂದು ತೂತ ಮುಚ್ಚಿ ಬಾರೋ ಅಂತ ಕಳಿಸಿದ್ರ, ಈ ಮಗಾ ಮತ್ತೊಬ್ಬ ರೈಡರ್‌ನ ಕಟಗೊಂಡು ಬರಾಕ ಹತ್ಯಾನ!"

"ಅಜಿತನೂ ಛಲೋ ಆಡತಾನ ಬಿಡ್ರಿ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ಒಟ್ಟಿಗೆ ತಿರುಗಿ ನೋಡಿದರು. ಆ ಮನುಷ್ಯ ತನ್ನ ಮಿರ್ಚಿಗೆ ಮರಳಿದ.

ಸರ್ಕಲ್ಲಿನಲ್ಲಿ ಹನ್ನೆರಡು ಅಡಿಯ ಫ್ಲೆಕ್ಸ್ ಬೇರೆ ನಿಂತಿತ್ತು. 'ಬಾರೋ ಸಿದ್ದರಾಮ, ಎಡಗಡೆ ನಿಂದೇ!' ಅದನ್ನು ಡಿಸೈನ್ ಮಾಡಿ, ಪ್ರಿಂಟ್ ಹಾಕಿ, ಏಣಿ ಹತ್ತಿ ಕಟ್ಟಿದವನು ಸ್ವತಃ ಮುಕುಂದ. ಬೈಲಹೊಂಗಲ ತಂಡದವನೊಬ್ಬ ಅದರ ಫೋಟೋ ಹಾಕಿ ನಗುವ ಮುಖ ಅಂಟಿಸಿದ. ವಾಟ್ಸಾಪ್ ಗ್ರೂಪಿನಲ್ಲಿ ಹತ್ತು ನಿಮಿಷಕ್ಕೆ ಇನ್ನೂರು ಮೆಸೇಜ್ ಬಂದವು. (ಅವುಗಳಲ್ಲಿ ಅಚ್ಚಿಗೆ ಯೋಗ್ಯವಾದವು ಎರಡು. ಅವೂ ತಪ್ಪಿ ಬಂದ ಗುಡ್ ಮಾರ್ನಿಂಗ್‌ಗಳು.)

ಸುಂದರವ್ವ ಎಣ್ಣೆಯಲ್ಲಿದ್ದ ಮಿರ್ಚಿಯನ್ನು ಎತ್ತಿ ಒಲೆ ಆರಿಸಿದಳು. ಮಧ್ಯಾಹ್ನಕ್ಕೆ ಮೊದಲು ಆ ಒಲೆ ಆರಿದ್ದನ್ನು ಯಾರೂ ಕಂಡಿರಲಿಲ್ಲ.

"ಬೈಬ್ಯಾಡ್ರಿ ಸುಮ್ನಿರ್ರಿ" ಅಂದಳು. "ಅಂವಾ ಭಂಡಾರದಾಗ ಕೈ ಇಟ್ಟು ಹೋಗ್ಯಾನ. ಬರ್ಲಿ. ಯಾಕಂತ ಅದರಾಗ ಕೈ ಇಟ್ಟ ಹೇಳ್ಲಿ."

೪

ನಾನು ಬಸ್ಸಿನಲ್ಲಿ ಮುಕುಂದನ ಪಕ್ಕ ಕೂತೆ. ಫೋನ್ ಸ್ವಿಚ್ ಆಫ್ ಮಾಡಿಕೊಂಡಿದ್ದ. ಹಳದಿ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ್ದ. ಅವನ ಹೊಟ್ಟೆಗೆ ಬೆಳಿಗ್ಗೆಯಿಂದ ಒಂದು ತುತ್ತೂ ಇಳಿದಿರಲಿಲ್ಲ. ಯರಗಟ್ಟಿ ಹತ್ತಿರವಾದಷ್ಟೂ ಅವನಿಗೆ ಭಯವಾಗುತ್ತಿತ್ತು.

"ಯಾಕ್ರೀ ಹೀಗೆ ಮಾಡಿದಿರಿ?" ಎಂದೆ.

"ಭೇಷ್! ಬರದವರು ನೀವು, ಕೇಳೂದು ನನ್ನ?"

ಮಾತು ಸರಿ. ಆದರೆ ಸತ್ಯ ಹೇಳುತ್ತೇನೆ, ನಾನು ಸಿದ್ದರಾಮ ಎಂದೇ ಬರೆಯಲು ಕೂತಿದ್ದೆ. ಆ ಹೊತ್ತಿಗೆ ಇವನು ಬೇರೆ ಹೆಸರು ಹೇಳಿಬಿಟ್ಟ. ಹಾಗಾಗಿ ಕಾರಣ ಹುಡುಕುವ ಕರ್ಮ ನನ್ನ ಪಾಲಿಗೆ ಬಂತು. "ಅಜಿತನ ರೈಡ್ ವಿಡಿಯೋ ನೋಡಿ ಮರುಳಾದಿರಿ ಅಂತ ಬರೆಯಲೇ?"

"ನಾ ಅಷ್ಟು ಹುಚ್ಚ ಕಾಣ್ತೇನೇನ್ರಿ?"

"ಅಜಿತನ ಮನೆಯವರು ನಿಮಗೆ ಪರಿಚಯ..."

"ಆ ಹುಡುಗನ ನಾ ಇವತ್ತ ಮೊದಲ ನೋಡಿದ್ದು. ಕಬ್ಬಿನ ಟ್ರ್ಯಾಕ್ಟರ್ ನಡಸ್ತಾನಂತ. ನನ್ನ ಕೈ ಹಿಡಕೊಂಡು 'ನಿಮ್ಮ ಉಪಕಾರ ಮರಿಯೂದಿಲ್ರಿ' ಅಂದ. ಅವಂಗೂ ನಾ ಖರೇ ಹೇಳಿಲ್ಲ."

"ಹಾಗಾದರೆ ಖರೆ ಏನು?"

"ಹೇಳಿದ್ರ ನೀವು ಬರೀತೀರಿ."

"ದೇವರಾಣೆ ಬರೆಯುವುದಿಲ್ಲ" ಎಂದೆ.

೫

ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತೂವರೆಗೆ ಸಭಾಭವನದ ಹಿಂದಿನ ನಳದ ಹತ್ತಿರ ಸಿದ್ದರಾಮನೇ ಮುಕುಂದನನ್ನು ಹುಡುಕಿಕೊಂಡು ಬಂದ. ಇಪ್ಪತ್ತೇಳರ ಹುಡುಗ, ಅಗಲ ಎದೆ, ಅವಸರದಲ್ಲಿ ಗಡ್ಡ ಹೆರೆದುಕೊಂಡಿದ್ದ. ಗೋಡೆ ಹಿಡಿದು ನಡೆಯುತ್ತಿದ್ದ.

"ಮುಕುಂದಣ್ಣಾರ, ನನ್ನ ಹೆಸರು ಹೇಳಬ್ಯಾಡ್ರಿ."

ಪ್ಯಾಂಟು ಮೇಲೆತ್ತಿ ತೋರಿಸಿದ. ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. "ಎಂಟು ದಿನ ಆತ್ರಿ. ಒಂದೂವರಿ ತಿಂಗಳ ಆಡೂ ಹಂಗಿಲ್ಲ, ಆಡಿದ್ರ ಕಾಯಂ ಕುಂಟ ಆಗ್ತಿ ಅಂದಾರ ಡಾಕ್ಟರ್."

"ಹಂಗಿದ್ರ ಪಟ್ಟಿ ಒಳಗಿಂದ ಹೆಸರು ತಗಸಬೇಕಿಲ್ಲೋ?"

"ತಗಸಿದ್ರ ಸರ್ಟಿಫಿಕೇಟ್ ಎಲ್ಲಿಂದ ತರ್ಲಿ? ತಿಂಗಳ ಕಡೀಕ ಸ್ಪೋರ್ಟ್ಸ್ ಕೋಟಾ ಇಂಟರ್‌ವ್ಯೂ ಐತ್ರಿ. ಯಾವುದರ ಒಂದು ಟೀಮಿನ ಲಿಸ್ಟಿನ್ಯಾಗ ನಾ ಇರಾಕಬೇಕು. ಈ ವರ್ಷ ದಾಟಿದ್ರ ವಯಸ್ಸ ದಾಟತೈತಿ. ನಾಳಿ ಕಡೀ ಸುತ್ತಿನ್ಯಾಗ ಯಾರರ ತಗೊಂಡ್ರ ಬೆಂಚಿನ ಮ್ಯಾಲ ಕುಂತು ಚಪ್ಪಾಳಿ ಹೊಡೀತೇನಿ. ಮೊದಲನೇ ಹೆಸರು ನಂದಾದ್ರ ಆಡಲೇಬೇಕು." ಆಮೇಲೆ ಮುಕುಂದನ ಮೊಣಕೈ ಹಿಡಿದುಕೊಂಡ. "ಯಾರ ಮುಂದೂ ಅನಬ್ಯಾಡ್ರಿ. ಕಾಲ ಹೋಗೇತಿ ಅಂತ ಗೊತ್ತಾದ್ರ ನಾಳಿ ನನ್ನ ಹೆಸರು ಯಾರೂ ಎತ್ತೂದಿಲ್ಲ."

ಉಳಿದ ಮೂರೂ ತಂಡಗಳಲ್ಲಿ ಎಡಗಡೆ ಕಾರ್ನರ್ ಗಟ್ಟಿಯಾಗಿದ್ದರು, ಹಾಗಾಗಿ ಇವನನ್ನು ಮೊದಲೇ ಕರೆಯುವ ಅಪಾಯ ಇದ್ದದ್ದು ಸವದತ್ತಿಯಿಂದ ಮಾತ್ರ. ಮುಕುಂದನಿಗೆ ಯೋಚಿಸಲು ಒಂದು ಗಂಟೆ ಇತ್ತು. ಊರಿಗೆ ಫೋನು ಮಾಡಿದರೆ ನಲವತ್ತು ಕಿವಿಗೆ ಹೇಳಿದಂತೆ. ಹೇಳದೆ ಹೆಸರು ಬದಲಿಸಿದರೆ ಆಣೆ ಮುರಿದಂತೆ. ಮುರಿದ. ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಅಜಿತನ ಹೆಸರು ಹೇಳಿಬಿಟ್ಟ.

ಇಷ್ಟನ್ನು ಬರೆದು ಪಕ್ಕಕ್ಕೆ ನೋಡಿದರೆ ಮುಕುಂದ ನನ್ನ ಪರದೆಯನ್ನೇ ಓದುತ್ತಿದ್ದಾನೆ.

"ಬರದೇ ಬಿಟ್ರಲ್ಲ! ಏನು ಮಂದಿನ್ರಿ ನೀವು? ಈ ಪುಸ್ತಕ ಯರಗಟ್ಟಿಗೆ ಬರಂಗಿಲ್ಲ ಅಂದ್ಕೊಂಡೀರೇನು?"

"ನನ್ನ ಪುಸ್ತಕ ಯಾರು ಓದುತ್ತಾರೆ ಬಿಡಿ" ಎಂದು ಸಮಾಧಾನ ಮಾಡಲು ನೋಡಿದೆ. ಅವನಿಗೆ ನಗು ಬರಲಿಲ್ಲ. (ನನಗೂ.)

೬

ನಾಲ್ಕೂವರೆ. ಮುಕುಂದ ಬಸ್ಸಿಳಿದ. ಜನ ದಾರಿ ಬಿಟ್ಟರು. ಅಂಗಡಿಯ ಕಟ್ಟೆಯ ಮೇಲೆ ಭಂಡಾರದ ಬಟ್ಟಲು ಕಾದಿತ್ತು.

"ಕೈ ಇಡಪಾ ತಮ್ಮಾ" ಅಂದಳು ಸುಂದರವ್ವ. "ಯಾಕಂತ ಹೇಳು."

ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಮೂರು ಮುಕ್ತಾಯಗಳಿವೆ.

ಒಂದು. ಮುಕುಂದ ಎಲ್ಲವನ್ನೂ ಹೇಳುತ್ತಾನೆ. ನೀಲಪ್ಪ ಅವನನ್ನು ತಬ್ಬಿಕೊಳ್ಳುತ್ತಾನೆ, ಒಲೆ ಮತ್ತೆ ಹೊತ್ತುತ್ತದೆ. ತಬ್ಬಿಕೊಳ್ಳುವ ದೃಶ್ಯ ಬಹಳ ಚೆನ್ನಾಗಿ ಬಂದಿತ್ತು, ನಾನೇ ಕಣ್ಣೊರೆಸಿಕೊಂಡೆ. ಆದರೆ ಐದು ಗಂಟೆಯೊಳಗೆ ಸುದ್ದಿ ರಾಮದುರ್ಗ ಮುಟ್ಟುತ್ತದೆ. ಭಾನುವಾರ ಪಟ್ಟಿ ಮುಚ್ಚುವಾಗ ಸಿದ್ದರಾಮನೊಬ್ಬ ಖುರ್ಚಿಯಲ್ಲಿ ಉಳಿದುಬಿಡುತ್ತಾನೆ. "ತಗೀರಿ ಅದನ್ನ" ಅಂದ ಮುಕುಂದ. ತೆಗೆದೆ.

ಎರಡು. ಬಟ್ಟಲಲ್ಲಿ ಕೈ ಇಟ್ಟು "ಅಜಿತನ ಆಟ ಮನಸಿಗೆ ಬಂತು" ಎಂದು ಸುಳ್ಳು ಹೇಳುತ್ತಾನೆ. ಮೂರು ಸಲ ಬರೆದೆ. ಮೂರು ಸಲವೂ ಸುಂದರವ್ವನ ಕಣ್ಣು ನೋಡಿ ಅವನ ನಾಲಿಗೆ ಏಳಲಿಲ್ಲ.

ಮೂರು. ಸರಿಯಾಗಿ ಅದೇ ಹೊತ್ತಿಗೆ ಸಿದ್ದರಾಮನ ಫೋನು ಬರುತ್ತದೆ. ಇದನ್ನು ಬರೆದಾಗ ನನಗೇ ನಾಚಿಕೆಯಾಯಿತು.

೭

ಆದದ್ದು ಹೀಗೆ. ಮುಕುಂದ ಜೇಬಿನಿಂದ ಕೈ ತೆಗೆದು ಬಟ್ಟಲಲ್ಲಿ ಊರಿದ.

"ಕಾರಣ ಅದ. ಹೇಳಂಗಿಲ್ಲ."

"ಹೇಳಂಗಿಲ್ಲ ಅಂದ್ರ?" ನೀಲಪ್ಪ ಮುಂದೆ ಬಂದ. "ನಾವೇನು ಹುಚ್ಚಸೂಳಿಮಕ್ಕಳೇನು ಇಲ್ಲಿ ಬಿಸಲಾಗ ನಿಂತವರು?"

"ಲೀಗು ಮುಗದ ಮ್ಯಾಲ ಕೇಳು, ಹೇಳ್ತೇನಿ."

"ಇವರು ಕೇಳಾಕ ಹತ್ತಿಲ್ಲೋ, ನಾ ಕೇಳಾಕ ಹತ್ತೇನಿ. ನನಗೂ ಹೇಳಂಗಿಲ್ಲ?"

"ನಿನಗೂ ಇಲ್ಲೋ ನೀಲ್ಯಾ."

ನೀಲಪ್ಪ ಮೊಬೈಲ್ ತೆಗೆದು, ಅವನೆದುರೇ, ಗ್ರೂಪಿನಿಂದ ಅವನ ಹೆಸರು ತೆಗೆದುಹಾಕಿದ. ಮೂವತ್ತೆರಡು ವರ್ಷದ ಗೆಳೆತನ. ಮುಕುಂದನಿಗೆ ಅಳು ಬಂತು. ನಲವತ್ತು ಜನರ ಮುಂದೆ, ಮೀಸೆ ಹೊತ್ತ ಗಂಡಸು, ಹೆಗಲಿನಿಂದ ಕಣ್ಣೊರೆಸಿಕೊಂಡ. ಆದರೂ ಬಾಯಿ ಬಿಡಲಿಲ್ಲ. ನನಗೆ ಅವನ ಮೇಲೆ ಅಭಿಮಾನ ಉಕ್ಕಿತು. ಕಥೆಯನ್ನು ಇಲ್ಲಿಗೇ ನಿಲ್ಲಿಸೋಣವೆಂದು ಲ್ಯಾಪ್‌ಟಾಪು ಮುಚ್ಚಲು ಹೋದೆ.

ಅಷ್ಟರಲ್ಲಿ ನೀಲಪ್ಪ ಕಟ್ಟೆ ಹತ್ತಿದ.

"ಕೇಳ್ರಿಲ್ಲೆ! ಸಿದ್ದರಾಮ ಇನ್ನೂ ಪಟ್ಟ್ಯಾಗ ಉಳದಾನ. ನಾಳಿ ಕಮಿಟಿಯವರ ಬಾಜೂಕ ನಾನ ಕುಂದ್ರತೇನಿ. ಎರಡನೇ ಸುತ್ತಿನ್ಯಾಗ ಮೊದಲ ಅವನ್ನ ಎತ್ತಸ್ತೇನಿ. ಮೊದಲನೇ ಮ್ಯಾಚಿಗೇ ಎಡಗಡಿ ಇಳಸ್ತೇನಿ, ಈ ಮುಕುಂದನ ಕಣ್ಣ ಮುಂದ!"

ಜನ ಹೋ ಎಂದು ಕೂಗಿದರು. ಯಾರೋ ತೊಡೆ ತಟ್ಟಿದರು.

ಮುಕುಂದ ಬಟ್ಟಲಿನಿಂದ ಕೈ ಕಿತ್ತ. ಇಳಿಸಿದರೆ ಆ ಹುಡುಗ ಇಳಿಯುತ್ತಾನೆ. ಒಲ್ಲೆ ಎನ್ನಬೇಕಾದರೆ ಕಾರಣ ಹೇಳಬೇಕು, ಹೇಳಿದರೆ, ಪಟ್ಟಿ ಮುಚ್ಚಿದ ಮೇಲೂ, ಗಾಯಾಳು ಎಂದು ಅವನ ಹೆಸರು ತೆಗೆದು ಬೇರೆಯವನನ್ನು ಹಾಕುತ್ತಾರೆ. ಈಗ ಮಾತಾಡಿದರೆ ಅವನ ನೌಕರಿ ಹೋಗುತ್ತದೆ, ಸುಮ್ಮನಿದ್ದರೆ ಕಾಲು. ಮುಕುಂದ ನನ್ನ ತೋಳು ಹಿಡಿದು ಅಲ್ಲಾಡಿಸಿದ.

"ಈಗ ಏನ್ ಮಾಡ್ಲಿ? ಬರೀರಿ! ಇಲ್ಲಿ ತನಕಾ ಬರದೀರಿ, ಇದೊಂದು ಬರಿಯಾಕ ಏನಾಗ್ಯದ ನಿಮಗ?"

ನನಗೆ ಗೊತ್ತಿಲ್ಲ. ಲೇಖಕ ಬೇಕಂತಲೇ ಆಟವಾಡುತ್ತಿದ್ದಾನೆ ಅಂದುಕೊಳ್ಳಬೇಡಿ. ನಾಲ್ಕನೆಯ ಮುಕ್ತಾಯ ಬರೆಯಲು ಎರಡು ದಿನ ಕೂತೆ, ಒಂದು ಸಾಲೂ ಬರಲಿಲ್ಲ.

ಆಗ ಸುಂದರವ್ವ ಜನರ ನಡುವಿನಿಂದ ಈ ಕಡೆ ನೋಡಿದಳು. ನನ್ನನ್ನಲ್ಲ, ನಿಮ್ಮನ್ನು.

"ಇವರು ಯಾರು? ಮುಂಜಾನಿಂದ ನಿಂತು ಎಲ್ಲಾ ಕೇಳಾಕ ಹತ್ಯಾರ. ಏನ್ರೀ, ನಿಮಗ ಗೊತ್ತೈತಿ ಅಲ್ಲಾ? ನೀವರ ಹೇಳ್ರಿ."

ನಲವತ್ತು ಜನ ನಿಮ್ಮ ಕಡೆ ತಿರುಗಿದ್ದಾರೆ. ಮುಕುಂದನೂ ನಿಮ್ಮನ್ನೇ ನೋಡುತ್ತಿದ್ದಾನೆ. ಹೇಳಿ ಅನ್ನುತ್ತಿದ್ದಾನೋ, ಬೇಡ ಅನ್ನುತ್ತಿದ್ದಾನೋ, ನನಗೂ ತಿಳಿಯುತ್ತಿಲ್ಲ.